ಫಂಕ್ಷನ್ನಿಗೆ ಮಾತ್ರ ಕಟ್ಟುವ ವಾಚು

ಕೆಲವರ ಮನೆಗೆ ಹಾವು ಬರುತ್ತದೆ, ಕೆಲವರ ಮನೆಗೆ ಕಳ್ಳರು ಬರುತ್ತಾರೆ. ನಮ್ಮ ಮನೆಗೆ ಕರೆಯದಿದ್ದರೂ ಬರುವುದು ಪೇಚಾಟ. ಅದರಲ್ಲೂ ಅಪ್ಪ ಒಂದು ವಸ್ತು ಕೊಂಡರೆಂದರೆ ಮುಗಿಯಿತು, ಅದರ ಬೆನ್ನಿಗೇ ಕಥೆಗಳು ಹುಟ್ಟಿಕೊಳ್ಳುತ್ತಿದ್ದವು. ಫ್ರಿಜ್ಜಿನದು ಬೇರೆ, ಸ್ಕೂಟರಿನದು ಬೇರೆ. ಇವು ಅವರ ವಾಚಿನವು. ಹೇಳಲು ಹೊರಟರೆ ನಗು ಬರುತ್ತದೆ ನಿಜ. ಆದರೆ ಅಪ್ಪ ಹೋದ ಮೇಲೆ ಆ ನಗು ಪೂರ್ತಿ ಬಾಯಿಗೆ ಬರುವುದಿಲ್ಲ, ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆದರೂ ಹೇಳಿಬಿಡುತ್ತೇನೆ.

ಒಬ್ಬ ದೊರೆ, ಎಷ್ಟೋ ಕೈ

ಅಪ್ಪ ಕೆ.ಆರ್. ಪುರದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಅವರಿಗೆ ಸಂಬಳ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತಿದ್ದರು. ಅಮ್ಮನ ಸಾರಿಗೂ ‘ಪಾಸ್’ ಅನ್ನಬೇಕಿತ್ತು, ನನ್ನ ಮಾರ್ಕ್ಸ್ ಕಾರ್ಡಿಗೂ ‘ಪಾಸ್’ ಅನ್ನಬೇಕಿತ್ತು. ಅಮ್ಮನ ಸಾರು ಹೆಚ್ಚು ಸಲ ಪಾಸಾಗುತ್ತಿತ್ತು.

ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಮೇಲಧಿಕಾರಿಯೊಬ್ಬರು ಸ್ವಿಸ್ ಆಟೋಮ್ಯಾಟಿಕ್ ವಾಚು ಕಟ್ಟುತ್ತಿದ್ದರಂತೆ. ಅವರು ಕೈ ಎತ್ತಿ ಟೈಮ್ ನೋಡಿದರೆ ಇಡೀ ಸೆಕ್ಷನ್ನು ನೆಟ್ಟಗೆ ನಿಲ್ಲುತ್ತಿತ್ತಂತೆ. ಆಗಿನಿಂದ ಅಪ್ಪನಿಗೆ ಆ ವಾಚಿನ ಆಸೆ. ನಮ್ಮ ಓದು, ಅಕ್ಕನ ಮದುವೆ, ಮನೆ ಕಟ್ಟುವುದು, ಎಲ್ಲದರ ಹಿಂದೆ ಆ ಆಸೆ ಬಾಯಿ ಬಿಡದೆ ಸರದಿಯಲ್ಲಿ ನಿಂತಿತ್ತು. ತೊಂಬತ್ತರ ದಶಕದ ನಡುವೆ ರಿಟೈರಾದಾಗ ಕಾರ್ಖಾನೆಯವರು ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

"ಕೆಲಸ ಇದ್ದಾಗ ಸೈರನ್ ಕೂಗಿಸಿ ಓಡಿಸಿದ್ರು. ಈಗ ಓಡೋದೇನೂ ಇಲ್ಲ, ಗಡಿಯಾರ ಕೊಟ್ಟಿದಾರೆ," ಎಂದು ಅಪ್ಪ ಅದನ್ನು ಗೋಡೆಗೆ ಹಾಕಿದರು. ಅದರ ಮುಂದಿನ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು, "ಶಿವಾಜಿನಗರಕ್ಕೆ ಹೋಗೋಣ, ಬಾ," ಎಂದರು.

ಹೊಸ ಸ್ವಿಸ್ ವಾಚು ನಮ್ಮ ಅಳವಿನದಲ್ಲ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೇ ವಾಚುಗಳ ಅಂಗಡಿಯಿತ್ತು. ಅಂಗಡಿಯ ಭಾಯಿ ಮಖಮಲ್ಲಿನ ಮೇಲೆ ಒಂದು ವಾಚು ತೆಗೆದಿಟ್ಟರು. ಅಪ್ಪ ಜೇಬಿನಿಂದ ಕಾರ್ಖಾನೆಯ ಕಾಲದ ಭೂತಗನ್ನಡಿ ತೆಗೆದರು. ಭಾಯಿಯ ಮುಖ ಸ್ವಲ್ಪ ಇಳಿಯಿತು.

"ಡಯಲ್ ಯಾಕ್ರೀ ಹಳದಿ ಆಗಿದೆ?"

"ನಿಮ್ದು ಕೂದಲು ಯಾಕೆ ಬೆಳ್ಳಗಾಗೈತೆ ಸಾಬ್? ಅದಕ್ಕೂ ನಿಮ್ದೇ ವಯಸ್ಸು."

"ಕೀ ಸುತ್ತೋಕೆ ಬರ್ತಿಲ್ವಲ್ಲ?"

"ಅದು ಮುಳ್ಳು ತಿರುಗಿಸೋಕೆ ಮಾತ್ರ ಸಾಬ್. ಸುತ್ತಂಗಿಲ್ಲ. ಆಟೋಮ್ಯಾಟಿಕ್ ಮಾಲು, ತನ್ನಷ್ಟಕ್ಕೆ ತಾನೇ ನಡೀತದೆ."

ಈ ಮಾತು ಅಪ್ಪನಿಗೆ ಬಹಳ ಹಿಡಿಸಿತು. ಯಾರ ಕೈಯಲ್ಲಿತ್ತು ಎಂದು ಕೇಳಿದಾಗ ಭಾಯಿ ದನಿ ತಗ್ಗಿಸಿ, ಕಂಟೋನ್ಮೆಂಟಿನ ಒಬ್ಬ ದೊರೆಯದು, ರೈಲ್ವೆ ಇಂಜಿನ್ ಓಡಿಸುತ್ತಿದ್ದರು, ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೋಗುವಾಗ ಕಣ್ಣೀರು ಹಾಕಿಕೊಂಡು ಕೊಟ್ಟುಹೋದರು ಎಂದರು. ಅಪ್ಪನ ಕಣ್ಣೂ ಒದ್ದೆಯಾಯಿತು. "ಪಾಸ್," ಎಂದರು.

ವಾಚನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಇನ್ನೊಬ್ಬ ಗಿರಾಕಿ ಬೇರೊಂದು ವಾಚು ಹಿಡಿದು ಅದೇ ಪ್ರಶ್ನೆ ಕೇಳಿದ. ಭಾಯಿ ದನಿ ತಗ್ಗಿಸಿದರು. ಅದೇ ದೊರೆ, ಅದೇ ಇಂಜಿನ್, ಅದೇ ಆಸ್ಟ್ರೇಲಿಯಾ. ಅಪ್ಪ ಬಸ್‌ಸ್ಟಾಂಡಿನವರೆಗೂ ಡಬ್ಬಿಯನ್ನು ನೋಡಿಕೊಂಡೇ ನಡೆದರು. ಆಮೇಲೆ, "ಪಾಪ, ಅಷ್ಟು ಕೈ ಇಟ್ಕೊಂಡು ಆ ಮನುಷ್ಯ ಶರ್ಟು ಎಲ್ಲಿ ಹೊಲಿಸ್ತಿದ್ನೋ!" ಎಂದರು.

ಇನ್ನೂ ಇಪ್ಪತ್ತು ನಿಮಿಷ

ವಾಚು ಬಂತೇನೋ ಸರಿ. ಆದರೆ ನಮ್ಮದು ಒಳ್ಳೆಯ ವಸ್ತುವನ್ನು ಬಳಸುವ ಮನೆಯಲ್ಲ, ಎತ್ತಿಡುವ ಮನೆ. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಹೊತ್ತಿಗೆ ಒಳಗಿನ ಬೆತ್ತವೇ ಲಡ್ಡಾಗಿತ್ತು. ಅಮ್ಮನ ಒಳ್ಳೆಯ ಸೀರೆಗಳು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡುತ್ತಿದ್ದವು. ಅಪ್ಪ ವಾಚನ್ನು ಅಮ್ಮನ ಹಳೇ ರೇಷ್ಮೆ ರವಿಕೆಯ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬೀರುವಿನ ಒಳಖಾನೆಗೆ ಸೇರಿಸಿ ಬೀಗ ಹಾಕಿದರು.

"ಫಂಕ್ಷನ್ನಿಗೆ ಮಾತ್ರ," ಎಂದರು.

ಮೊದಲ ಫಂಕ್ಷನ್ನು ಚಿಕ್ಕಪ್ಪನ ಮಗನ ಮದುವೆ, ಬೆನ್ಸನ್ ಟೌನಿನ ಒಂದು ಛತ್ರದಲ್ಲಿ. ಹಿಂದಿನ ದಿನ ಅಪ್ಪ ವಾಚಿಗೆ ಟೈಮ್ ಇಟ್ಟು ಮತ್ತೆ ಡಬ್ಬಿಗೆ ಹಾಕಿದರು. ದಾರಿಯಲ್ಲಿ ಕಳ್ಳರ ಕಣ್ಣು ಬಿದ್ದೀತೆಂದು ಕಟ್ಟಿಕೊಳ್ಳದೆ ಡಬ್ಬಿಯನ್ನು ಅಮ್ಮನ ಚೀಲದಲ್ಲಿ ಸೀರೆಗಳ ನಡುವೆ ಇಟ್ಟು, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಛತ್ರದ ಬಾಗಿಲಲ್ಲಿ ಕಟ್ಟಿಕೊಂಡು ಮಂಟಪದ ಪಕ್ಕದ ಕುರ್ಚಿಯಲ್ಲಿ ಕೂತು, ಎಲ್ಲರಿಗೂ ಕಾಣಲೆಂದು ಎಡಗೈಯನ್ನು ಮೊಣಕಾಲ ಮೇಲಿಟ್ಟು ಅಲುಗಿಸದೆ ಬಿಟ್ಟರು.

ಪುರೋಹಿತರು ಕೇಳಿದರು, "ಮುಹೂರ್ತಕ್ಕೆ ಇನ್ನೆಷ್ಟು ಹೊತ್ತಿದೆ ಸ್ವಾಮಿ?"

ಹತ್ತಾರು ಜನರ ಕೈಯಲ್ಲಿ ವಾಚಿತ್ತು. ಚಿಕ್ಕಪ್ಪ ಅವರನ್ನೆಲ್ಲ ಸುಮ್ಮನಿರಿಸಿ, "ಅಣ್ಣನ್ನ ಕೇಳಿ. ಅವನದು ಸ್ವಿಸ್ಸು," ಎಂದರು. ಚಿಕ್ಕಪ್ಪನಿಗೆ ಕಣ್ಣು ಸ್ವಲ್ಪ ಮಂದ, ಅಣ್ಣನ ಮೇಲೆ ನಂಬಿಕೆ ಬಹಳ.

ಅಪ್ಪ ನಿಧಾನವಾಗಿ ನೋಡಿ, "ಇನ್ನೂ ಇಪ್ಪತ್ತು ನಿಮಿಷ," ಎಂದರು. ಪುರೋಹಿತರು ಒಂದು ಮಂತ್ರ ಹೆಚ್ಚಿಗೆ ಹೇಳಿದರು. ಮತ್ತೆ ಕೇಳಿದರು. "ಇನ್ನೂ ಇಪ್ಪತ್ತು ನಿಮಿಷ." ಇನ್ನೆರಡು ಮಂತ್ರ ಹೇಳಿದರು. ವಾಲಗದವರು ಊದುವ ಪೀಪಿಯನ್ನು ಒರೆಸಿ ಒರೆಸಿ ಸಾಕಾದರು. ಕೊನೆಗೆ ಅಡುಗೆಯವನು ಸೌಟು ಹಿಡಿದೇ ಮಂಟಪಕ್ಕೆ ಬಂದು, "ಅನ್ನ ಆರಿ ಹೋಗ್ತಿದೆ ಸಾರ್, ಇವತ್ತೇ ಮದುವೆ ತಾನೆ?" ಎಂದ.

ತಾಳಿ ಕಟ್ಟಿಸಿದ್ದು ಮುಹೂರ್ತ ಮುಗಿದು ಎಷ್ಟೋ ಹೊತ್ತಾದ ಮೇಲೆ. ಅಪ್ಪ ಅವಮಾನದಿಂದ ಊಟಕ್ಕೂ ಕೂರಲಿಲ್ಲ. ಆ ಗಂಡ ಹೆಂಡತಿ ಇವತ್ತಿನವರೆಗೆ ಒಂದು ಮಾತು ಜೋರಾಗಿ ಆಡಿಕೊಂಡವರಲ್ಲ. ಬಹಳ ವರ್ಷದ ಮೇಲೆ ನನ್ನ ಮದುವೆ ಸರಿಯಾದ ಮುಹೂರ್ತದಲ್ಲೇ ಆಯಿತು, ಅದರ ವಿಚಾರ ಬೇಡ.

ಶಿವಾಜಿನಗರದ ಹವೆ

ಮರುದಿನ ಅಪ್ಪ ಜಗಳಕ್ಕೆ ಹೊರಟರು. ಈಗ ಕಳ್ಳರ ಭಯವೂ ಇರಲಿಲ್ಲ, ಕೆಟ್ಟ ವಾಚು ತಾನೇ ಎಂದು ಕೈಗೆ ಕಟ್ಟಿಕೊಂಡೇ ಬಸ್ಸು ಹತ್ತಿದರು. ಕೆ.ಆರ್. ಪುರದಿಂದ ಶಿವಾಜಿನಗರದವರೆಗೆ ನಿಂತೇ ಪ್ರಯಾಣ, ಮೇಲಿನ ಕಂಬಿ ಹಿಡಿದು ಜೋತಾಡಿಕೊಂಡು. ಅಂಗಡಿಗೆ ಹೋಗಿ ವಾಚು ಬಿಚ್ಚಿ ಗಾಜಿನ ಮೇಲೆ ಕುಕ್ಕಿದರು.

"ಏನ್ರೀ ಇದು! ನಿಂತುಹೋಗಿದೆ!"

ಭಾಯಿ ಕಿವಿಗೆ ಹಿಡಿದರು. "ಕ್ಯಾ ಸಾಬ್, ಚೆನ್ನಾಗಿ ನಡೀತಾ ಐತಲ್ಲ."

ನೋಡಿದರೆ ನಡೆಯುತ್ತಿತ್ತು. ಆದರೂ ಗಿರಾಕಿಯ ಸಮಾಧಾನಕ್ಕೆಂದು ಭಾಯಿ ಹಿಂಬದಿ ಬಿಚ್ಚಿ, ಉಫ್ ಎಂದು ಊದಿ ಮುಚ್ಚಿ ಕೊಟ್ಟರು. ಅಪ್ಪ ಮನೆಗೆ ತಂದು ರೇಷ್ಮೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಎರಡು ದಿನದ ಮೇಲೆ ತೆಗೆದರೆ ನಿಂತಿತ್ತು. ಮತ್ತೆ ಬಸ್ಸು, ಮತ್ತೆ ಕಂಬಿ, ಮತ್ತೆ ಅಂಗಡಿ. ವಾಚು ಟಿಕ್ ಟಿಕ್ ಅನ್ನುತ್ತಿತ್ತು. ಮತ್ತೆ ಉಫ್. ಹೀಗೆ ಅಪ್ಪ ಎಷ್ಟು ಸಲ ಓಡಾಡಿದರೆಂದರೆ ಅಂಗಡಿಯಲ್ಲಿ ಅವರಿಗೆ ಕೇಳದೆಯೇ ಚಹಾ ಬರುತ್ತಿತ್ತು. ಜಗಳಕ್ಕೆ ಹೋದವರು ಭಾಯಿಯ ಮೊಮ್ಮಗಳ ನಾಮಕರಣದಲ್ಲಿ ಬಿರಿಯಾನಿಯ ಪಕ್ಕದ ಕೇಸರಿಬಾತು ತಿಂದು ಬಂದರು.

"ಇದಕ್ಕೆ ಶಿವಾಜಿನಗರದ ಹವೆ ಒಗ್ಗಿದೆ ಕಣೋ. ಕೆ.ಆರ್. ಪುರದ ಹವೆ ಆಗಿಬರ್ತಿಲ್ಲ," ಎಂದು ಅಪ್ಪ ತೀರ್ಮಾನಿಸಿದರು. ಇನ್‌ಸ್ಪೆಕ್ಷನ್ನಿನಲ್ಲಿ ಆಯುಷ್ಯ ಕಳೆದವರು!

ಒಮ್ಮೆ ಅಮ್ಮನೂ ಹೂವು ತರುವ ನೆವದಲ್ಲಿ ಜೊತೆಗೆ ಹೋದಳು. ಅಂಗಡಿಯಲ್ಲಿ ಇಬ್ಬರು ಗಂಡಸರೂ ತಲೆ ಕೆರೆದುಕೊಳ್ಳುವುದನ್ನು ನೋಡುತ್ತ ಕೂತಿದ್ದು, "ಅಲ್ಲಾ ರೀ, ಬಸ್ಸಲ್ಲಿ ಜೋತಾಡಿಸ್ಕೊಂಡು ಬಂದ್ರೆ ಎದ್ದಿರತ್ತೆ. ಬೀರುವಿನಲ್ಲಿ ಮಲಗ್ಸಿದ್ರೆ ಮಲಗತ್ತೆ. ನಿಮ್ ಹಾಗೇನೇ," ಎಂದಳು.

ಭಾಯಿ ಕಣ್ಣು ಅಗಲಿಸಿ, "ಬೀರುವಿನಲ್ಲಾ? ಸಾಬ್, ಇದು ಕೈ ಆಡಿದ್ರೆ ತಾನೇ ನಡಿಯೋದು! ಹಾಕ್ಕೊಳ್ಳಲ್ವಾ ನೀವು?" ಎಂದರು.

"ಹಾಕ್ಕೊಂಡ್ರೆ ಸವೀತದಲ್ರೀ," ಎಂದರು ಅಪ್ಪ.

ಭಾಯಿ ಹಣೆ ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ಅಂಗಡಿ ಇಟ್ಟಿದೀನಿ. ವಾಚು ತಗೊಂಡು ಹಾಕ್ಕೊಳ್ದೆ ಇರೋ ಮನುಷ್ಯ ಇರ್ತಾನೆ ಅಂತ ನಂಗೆ ಹೊಳೀಲೇ ಇಲ್ಲ ಸಾಬ್!"

ಆದರೂ ಅಪ್ಪ ಬದಲಾಗಲಿಲ್ಲ. ದಿನಾ ಬೆಳಿಗ್ಗೆ ಬೀರು ತೆಗೆದು, ವಾಚನ್ನು ಹೊರಗೆ ತೆಗೆದು ಚೆನ್ನಾಗಿ ಕುಲುಕಿ ಮತ್ತೆ ಒಳಗಿಡುತ್ತಿದ್ದರು. ಸ್ವಿಟ್ಜರ್ಲೆಂಡಿನಿಂದ ಬಂದದ್ದಕ್ಕೆ ಕೆ.ಆರ್. ಪುರದಲ್ಲಿ ಕೆಮ್ಮಿನ ಔಷಧಿಯ ಗತಿ ಬಂತು.

ಟೈಮ್ ಎಷ್ಟು?

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಪಾರ್ಶ್ವವಾಯು. ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಇಂದಿರಾನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಎಲ್ಲರಿಗೂ ‘ಫೇಲ್’ ಎನ್ನುತ್ತಿದ್ದ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಅದನ್ನು ನೋಡಲಾರದೆ ನಾನು ಹೊರಗೆ ಹೋಗಿ ಅತ್ತು ಬಂದೆ.

ಮಾರನೆಯ ದಿನ ಡಾಕ್ಟರು ಬಂದು, ಬುದ್ಧಿ ಸ್ವಾಧೀನದಲ್ಲಿದೆಯೋ ನೋಡಬೇಕು ಎಂದರು. ನಾನು, ಅಮ್ಮ ಉಸಿರು ಹಿಡಿದು ನಿಂತೆವು.

"ನಿಮ್ ಹೆಸ್ರೇನು ಸಾರ್?" ಅಪ್ಪ ಸುಮ್ಮನಿದ್ದರು.

"ಇವರು ಯಾರು ಹೇಳಿ?" ಅಮ್ಮನನ್ನು ತೋರಿಸಿದರು. ಅಪ್ಪ ಅಮ್ಮನನ್ನೇ ನೋಡಿದರು, ಮಾತಿಲ್ಲ. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು.

"ಹೋಗ್ಲಿ, ಈಗ ಟೈಮ್ ಎಷ್ಟಿರಬಹುದು?"

ಅಪ್ಪನ ತುಟಿ ಅಲುಗಿತು. ಒಂದೊಂದೇ ಅಕ್ಷರ ಎಳೆದು ತಂದು, "ವಾಚು... ಬೀರುವಿನಲ್ಲಿದೆ," ಎಂದರು. ಆಮೇಲೆ ಬಹಳ ಕಷ್ಟಪಟ್ಟು, "ಇದು... ಫಂಕ್ಷನ್ ಅಲ್ಲ," ಎಂದರು.

ಡಾಕ್ಟರು, ಪಾಪ, ಬುದ್ಧಿಗೆ ಪೆಟ್ಟು ಬಿದ್ದಿದೆ ಎಂದು ಬರೆದುಕೊಳ್ಳಲು ಹೊರಟರು. ನಾನು, ಅಮ್ಮ ಒಟ್ಟಿಗೇ ಕೂಗಿದೆವು, "ಇಲ್ಲ ಡಾಕ್ಟ್ರೇ, ಇವರು ಮೊದ್ಲಿಂದಾನೂ ಹೀಗೇ!"

ತೆಂಗಿನಕಾಯಿ

ಮನೆಗೆ ಕರೆತಂದ ಮೇಲೆ ಮಾತು ಬಹುಮಟ್ಟಿಗೆ ಮರಳಿತು. ಕಾಲೂ ಸ್ವಲ್ಪ ಎಳೆದು ಹಾಕುವಂತಾಯಿತು. ಎಡಗೈ ಮಾತ್ರ ಬೇರೆ ಯಾರದ್ದೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ದಿನವಿಡೀ ಸ್ವಲ್ಪಸ್ವಲ್ಪ ಆಡಿಸುತ್ತಲೇ ಇರಬೇಕು, ಬಿಟ್ಟರೆ ಕೈ ಪೂರ್ತಿ ಹೋಗುತ್ತದೆ ಎಂದು ವ್ಯಾಯಾಮ ಹೇಳಿಕೊಡುವವರು ಎಚ್ಚರಿಸಿದ್ದರು. ಆ ಕೈ ಮರಳಿದರೆ ಅಪ್ಪ ಮರಳಿದಂತೆ ಎಂದು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ಆದರೆ ಆಫೀಸಿಗೆ ಹೋಗುವವನು, ಅವರು ಆಡಿಸುತ್ತಾರೋ ಇಲ್ಲವೋ ನೋಡುವುದು ಹೇಗೆ?

ಆಗ ವಾಚು ನೆನಪಾಯಿತು. ಬೀರುವಿನಿಂದ ತೆಗೆದು ಅವರ ಎಡಗೈಗೇ ಕಟ್ಟಿದೆ. "ಅಪ್ಪ, ಇದು ಕೈ ಆಡಿದ್ರೆ ನಡಿಯತ್ತೆ, ಇಲ್ದಿದ್ರೆ ನಿಲ್ಲತ್ತೆ. ಸಂಜೆ ಬಂದು ನೋಡ್ತೀನಿ. ಈಗ ನಾನು ಇನ್‌ಸ್ಪೆಕ್ಟರು."

ಮೊದಮೊದಲು ನಿಂತೇ ಇರುತ್ತಿತ್ತು. ನನ್ನ ಮುಖ ಬಾಡುತ್ತಿತ್ತೇನೋ, ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆಮೇಲೊಂದು ಸಂಜೆ ಬಂದು ನೋಡುತ್ತೇನೆ, ಟಿಕ್ ಟಿಕ್! ಅಮ್ಮ, "ಇವತ್ತು ಚೆನ್ನಾಗಿ ಕೈ ಆಡ್ಸಿದ್ರಪ್ಪ," ಎಂದಳು. ಅಂದಿನಿಂದ ದಿನಾ ನಡೆಯತೊಡಗಿತು. ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ, ಮೈಸೂರುಪಾಕು ಹಂಚಿದೆ. ಮನೆಯಲ್ಲಿ ಅಡುಗೆಯೂ ಜೋರಾಯಿತು. ಕಾಯಿ ಚಟ್ನಿ, ಕಾಯಿ ಹಾಕಿದ ಪಲ್ಯ, ಕಾಯಿ ಸಾಸಿವೆ, ಕಾಯಿ ಹೋಳಿಗೆ. ಅಪ್ಪ ಚೇತರಿಸಿಕೊಳ್ಳುತ್ತಿರುವ ಸಂತೋಷಕ್ಕೆ ಅಮ್ಮ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಒಂದು ದಿನ ಊರಲ್ಲಿ ಏನೋ ಗಲಾಟೆಯೆಂದು ಮಧ್ಯಾಹ್ನವೇ ಆಫೀಸು ಮುಚ್ಚಿದರು. ಮನೆಯ ಪಕ್ಕದ ಓಣಿಯಿಂದ ಬರುವಾಗ ಅಡುಗೆಮನೆಯ ಕಿಟಕಿ ತೆರೆದಿತ್ತು. ಅಮ್ಮ ತುರಿಮಣೆಯ ಮೇಲೆ ಕೂತು ಜೋರಾಗಿ ಕಾಯಿ ತುರಿಯುತ್ತಿದ್ದಳು. ಅವಳ ಕೈಯಲ್ಲಿ ಬಳೆಗಳ ಜೊತೆ ಅಪ್ಪನ ವಾಚು ಕುಣಿಯುತ್ತಿತ್ತು. ಅಪ್ಪ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಸಾಕು ಬಿಡೇ. ನಿನ್ ಕೈ ಬಿದ್ಹೋಗತ್ತೆ."

"ಇನ್ನೊಂದು ಹೋಳು. ನಿಂತಿದ್ರೆ ಅವನು ಮುಖ ಸಣ್ಣ ಮಾಡ್ಕೋತಾನೆ ಕಣ್ರೀ. ನಂಗೆ ನೋಡಕ್ಕಾಗಲ್ಲ."

"ನಾನೂ ದಿನಾ ಹೇಳ್ತೀನೇ ಈ ಕೈಗೆ. ಅವನಿಗೋಸ್ಕರ ಒಂದ್ಸಲ ಆಡು ಅಂತ. ಮಾತು ಕೇಳಲ್ಲ ಇದು."

ಅಮ್ಮ ಸೆರಗಿನಲ್ಲಿ ವಾಚು ಒರೆಸಿ ಅಪ್ಪನ ಕಿವಿಗೆ ಹಿಡಿದಳು. ಅಪ್ಪ ಕೇಳಿಸಿಕೊಂಡು, "ಪಾಸ್," ಎಂದರು.

ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕತ್ತಲಾಗುವವರೆಗೂ ಕೂತಿದ್ದೆ. ಅಪ್ಪನ ಕೈ ಇನ್ನು ಬರುವುದಿಲ್ಲ ಎಂದು ಗೊತ್ತಾದದ್ದು ಅಲ್ಲಿ. ದಿನಾ ಆಫೀಸಿನಿಂದ ಬರುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದು, ಗೇಟನ್ನು ಬೇಕೆಂದೇ ಸದ್ದು ಮಾಡಿ ತೆಗೆದೆ. ವಾಚನ್ನು ಕಿವಿಗೆ ಹಿಡಿದು, "ಭೇಷ್ ಅಪ್ಪ!" ಎಂದೆ. ಇಬ್ಬರ ಮುಖವೂ ಅರಳಿತು. ನನಗೆ ಗೊತ್ತೆಂದು ನಾನು ಎಂದೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಬಡಿಸಿದ ಕಾಯಿಯನ್ನೆಲ್ಲ ದಿನಾ ಮಾತಾಡದೆ ತಿಂದೆ. ಅಪ್ಪನ ಕೈಗೆ ಬರಬೇಕಾಗಿದ್ದ ಪುಷ್ಟಿಯೆಲ್ಲ ನನ್ನ ಹೊಟ್ಟೆಗೆ ಬಂತು.

ದೊಡ್ಡ ಫಂಕ್ಷನ್ನು

ಎರಡನೆಯ ಸಲ ಬಂದ ಪಾರ್ಶ್ವವಾಯು ಅಪ್ಪನನ್ನು ಕರೆದುಕೊಂಡೇ ಹೋಯಿತು. ಆಸ್ಪತ್ರೆಯ ಓಡಾಟದಲ್ಲಿ ವಾಚಿನ ಕಡೆ ಯಾರೂ ನೋಡಿರಲಿಲ್ಲ, ಅದು ಮೇಜಿನ ಮೇಲೆ ನಿಂತುಹೋಗಿತ್ತು.

ಮನೆಯ ಮುಂದೆ ಜನ ಸೇರಿದ್ದರು. ಇನ್ನೇನು ಹೊರಡಿಸಬೇಕು, ಅಮ್ಮ ಒಳಗಿನಿಂದ ವಾಚು ತಂದು ನನ್ನ ಕೈಗೆ ಕೊಟ್ಟಳು. "ಅಪ್ಪನಿಗೆ ಕಟ್ಟೋ."

ಚಿಕ್ಕಪ್ಪ, "ಅತ್ತಿಗೆ, ಹೋಗೋರಿಗೆ ಇದ್ಯಾಕೆ?" ಎಂದರು.

"ಫಂಕ್ಷನ್ನಿಗೆ ಮಾತ್ರ ಹಾಕ್ಕೋತೀನಿ ಅಂತಿದ್ರಲ್ಲ," ಎಂದಳು ಅಮ್ಮ. "ಇಷ್ಟು ಜನ ಬಂದಿದಾರೆ. ಅವರಿಗೆ ಇನ್ನು ಯಾವ ಫಂಕ್ಷನ್ ಇದೆ?"

ಚಿಕ್ಕಪ್ಪ ಪಕ್ಕಕ್ಕೆ ಸರಿದರು. ತಣ್ಣಗಿದ್ದ ಆ ಎಡಗೈಗೆ ಕಟ್ಟಿದೆ. ನಿಂತ ವಾಚು, ನಿಂತ ಕೈ.

ಆಗ ಕೆ.ಆರ್. ಪುರದಲ್ಲಿ ತೂಗುಸೇತುವೆಯ ಕೆಲಸ ನಡೆಯುತ್ತಿತ್ತು. ಹಳೇ ಮದ್ರಾಸು ರಸ್ತೆಯಲ್ಲಿ ಗುಂಡಿಗಳ ನಡುವೆ ರಸ್ತೆಯನ್ನು ಹುಡುಕಿಕೊಂಡು ಹೋಗಬೇಕಿತ್ತು. ವ್ಯಾನು ಎತ್ತಿ ಎತ್ತಿ ಹಾಕುತ್ತಿತ್ತು. ಅಪ್ಪನ ಕೈ ಪಕ್ಕಕ್ಕೆ ಜಾರಿ ದಾರಿಯುದ್ದಕ್ಕೂ ತೂಗಾಡುತ್ತಿತ್ತು. ನಾನು ಎತ್ತಿಟ್ಟೆ, ಮತ್ತೆ ಜಾರಿತು. ಹಲಸೂರು ದಾಟಿ ಕಲ್ಪಳ್ಳಿ ಮುಟ್ಟುವವರೆಗೂ ಹೀಗೇ.

ಸ್ಮಶಾನದಲ್ಲಿ ಇಳಿಸಿ ಮಲಗಿಸಿದ ಮೇಲೆ ಚಿಕ್ಕಪ್ಪ ಕೊನೆಯ ಸಲ ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದರು. ಇದ್ದಕ್ಕಿದ್ದಂತೆ ಅಳು ನಿಲ್ಲಿಸಿದರು.

"ತಡೀರಿ! ತಡೀರೋ! ಕೈಲಿ ಜೀವ ಇದೆ! ಹೊಡ್ಕೋತಿದೆ!"

ಸುಡುವ ಕೆಲಸದವನು ಎರಡು ಹೆಜ್ಜೆ ಹಿಂದೆ ಹಾರಿದ. ಬಂದವರೆಲ್ಲ ಮುನ್ನುಗ್ಗಿದರು. ನಾನು ಅಪ್ಪನ ಮುಖ ನೋಡಿದೆ. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನಾನೂ ನಂಬಿದೆ. ಆಮೇಲೆ ಕಣ್ಣು ಮಣಿಕಟ್ಟಿಗೆ ಬಿತ್ತು. ಸೆಕೆಂಡಿನ ಮುಳ್ಳು ಓಡುತ್ತಿತ್ತು.

"ಚಿಕ್ಕಪ್ಪ," ಎಂದೆ, "ಅದು ವಾಚು."

ಚಿಕ್ಕಪ್ಪ ಕಣ್ಣು ಹತ್ತಿರ ತಂದು ನೋಡಿದರು. "ಇನ್ನೂ ಇಪ್ಪತ್ತು ನಿಮಿಷ ಅಂತಾನೇನೋ ಅಂದ್ಕೊಂಡೆ ಕಣೋ," ಎಂದು ನಕ್ಕರು. ನಗುತ್ತ ನಗುತ್ತ ನೆಲಕ್ಕೆ ಕೂತು ಬಿಕ್ಕಿದರು. ಲೋಹದ ಸಾಮಾನು ಇರಬಾರದು ಎಂದು ಕೆಲಸದವನು ಹೇಳಿದ. ನಾನು ವಾಚು ಬಿಚ್ಚಿ, ನಿಲ್ಲದಿರಲೆಂದು ನನ್ನ ಕೈಗೇ ಕಟ್ಟಿಕೊಂಡೆ.

ಎಲ್ಲ ಮುಗಿಸಿ ಮನೆಗೆ ಬಂದಾಗ ಅಮ್ಮ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಸ್ನಾನ ಮಾಡಿ ಬಂದು ವಾಚನ್ನು ಅವಳ ಅಂಗೈಯಲ್ಲಿಟ್ಟೆ. ಅಭ್ಯಾಸದಂತೆ ಕಿವಿಗೆ ಹಿಡಿದಳು. ಹಿಡಿದವಳು ಬೆಚ್ಚಿ, ಸಿಕ್ಕಿಬಿದ್ದವಳಂತೆ ನನ್ನ ಮುಖ ನೋಡಿದಳು.

"ಇವತ್ತು ನಾನು ಹಾಕ್ಕೊಂಡಿರ್ಲಿಲ್ಲ ಕಣೋ," ಎಂದಳು. "ದೇವರಾಣೆಗೂ ಹಾಕ್ಕೊಂಡಿರ್ಲಿಲ್ಲ."